ಗುಟ್ಟಿನ ಆಯುಷ್ಯ ಮತ್ತು ಯಂತ್ರದ ಆಪ್ತವಾಕ್ಯ



ಲೆಕ್ಕವು ಸಾಚಾ ಆಗಿರಬೇಕಾದರೆ ಅದನ್ನು ಹಲವರು ನೋಡಬೇಕು. ಗುಟ್ಟು ಗುಟ್ಟಾಗಿ ಉಳಿಯಬೇಕಾದರೆ ಅದನ್ನು ಯಾರೂ ನೋಡಕೂಡದು. ಮನುಷ್ಯನ ವ್ಯವಹಾರಕ್ಕೆ ಇವೆರಡೂ ಬೇಕು, ಅದರಲ್ಲಿಯೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ, ಒಂದೇ ವಿಷಯದಲ್ಲಿ ಬೇಕು. ನಮ್ಮ ಹಣವು ಬ್ಯಾಂಕಿನಲ್ಲಿ ಸರಿಯಾಗಿ ಜಮೆಯಾಯಿತೆಂಬುದಕ್ಕೆ ಪ್ರಮಾಣವನ್ನು ಕೇಳುವ ನಾವೇ, ಎಷ್ಟು ಜಮೆಯಾಯಿತೆಂಬುದು ನೆರೆಯವರಿಗೆ ತಿಳಿಯದಿರಲಿ ಎಂದೂ ಬಯಸುತ್ತೇವೆ. ಆ ಬಯಕೆಯಲ್ಲಿ ಅನ್ಯಾಯವೇನೂ ಇಲ್ಲ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಅಪೇಕ್ಷೆಗಳನ್ನು ಒಂದೇ ಯಂತ್ರವ್ಯವಸ್ಥೆಯಲ್ಲಿ ಕೂಡಿಸಲು ಕಳೆದ ಹತ್ತು ವರ್ಷಗಳಲ್ಲಿ ನಡೆದಿರುವ ಒಂದು ದೊಡ್ಡ ಪ್ರಯತ್ನವನ್ನೂ, ಅದರಲ್ಲಿ ಫಲಿಸಿದ್ದೆಷ್ಟು, ಒಡೆದದ್ದೆಷ್ಟು ಎಂಬುದನ್ನೂ ತಮ್ಮ ಮುಂದಿಡುವುದು ಈ ಸಂಜೆ ನನ್ನ ಉದ್ದೇಶವಾಗಿದೆ.

2009ರ ಜನವರಿ 3ರಂದು ಬಿಟ್‌ಕಾಯಿನ್ನಿನ ಮೊದಲನೆಯ ಬ್ಲಾಕು ರಚಿತವಾದ ಮೇಲೆ ಲೋಕದ ಕಿವಿಗೆ ಬಿದ್ದದ್ದು ಹಣದ ಮಾತು. ಆದರೆ ಅದರ ಹಿಂದಿದ್ದ ಮುಖ್ಯವಾದ ಕಲ್ಪನೆ ಹಣಕ್ಕಷ್ಟೇ ಸಂಬಂಧಪಟ್ಟದ್ದಲ್ಲ. ಊರಿನ ಲೆಕ್ಕವನ್ನು ಶಾನುಭೋಗರೊಬ್ಬರ ಕಡತಕ್ಕೆ ಒಪ್ಪಿಸಿ, ಅವರ ಪ್ರಾಮಾಣಿಕತೆಯನ್ನೇ ನಂಬಿ ಕೂರುವುದಕ್ಕೆ ಬದಲಾಗಿ, ಮನೆಮನೆಯವರೂ ಚಾವಡಿಯಲ್ಲಿ ನೆರೆದು, ಓದಿ ಹೇಳಿದ ಒಂದೊಂದು ಬಾಬನ್ನೂ ತಂತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಕೂಡಿ ಕಳೆದು, ಎಲ್ಲರ ಮೊತ್ತವೂ ಒಂದೇ ಎಂದು ಕಂಡ ಮೇಲೆ ಹಾಳೆಯನ್ನು ಮಗುಚಿದರೆ ಹೇಗೋ, ಬ್ಲಾಕ್‌ಚೈನಿನ ವ್ಯವಸ್ಥೆ ಹಾಗೆ. ಪ್ರತಿಯೊಂದು ಹೊಸ ಬ್ಲಾಕೂ, ಎಂದರೆ ಲೆಕ್ಕದ ಹಾಳೆಯೂ, ತನ್ನ ಹಿಂದಿನದರ ಗಣಿತಮುದ್ರೆಯನ್ನು ಹೊತ್ತಿರುವುದರಿಂದ, ಹಳೆಯದೊಂದನ್ನು ತಿದ್ದಹೊರಟವನು ಅಲ್ಲಿಂದ ಈಚಿನದೆಲ್ಲವನ್ನೂ, ಅದೂ ಎಲ್ಲರ ಕಣ್ಣೆದುರಿಗೆ, ತಿದ್ದಬೇಕಾಗುತ್ತದೆ. 2015ರ ಜುಲೈ 30ರಂದು ಪ್ರಾರಂಭವಾದ ಇಥೀರಿಯಂ ಈ ತತ್ತ್ವವನ್ನು ಜಮಾಖರ್ಚಿನಿಂದ ಮುಂದಕ್ಕೆ ಒಯ್ದು, ಯಾವ ಕರಾರನ್ನಾದರೂ ಪ್ರೋಗ್ರಾಮಿನ ರೂಪದಲ್ಲಿ ಬರೆದು ಅದೇ ಸಾರ್ವಜನಿಕ ಲೆಕ್ಕದೊಳಗೆ ನಡೆಸಬಹುದೆಂಬುದನ್ನು ತೋರಿಸಿತು. ಅಂಥ ಪ್ರೋಗ್ರಾಮಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂದು ಹೆಸರಾಯಿತು.

ಇದರ ಬಲವೆಲ್ಲಿದೆಯೋ ಇದರ ದೌರ್ಬಲ್ಯವೂ ಅಲ್ಲಿಯೇ ಇದೆ. ಪ್ರತಿಯೊಂದು ನೋಡೂ, ಎಂದರೆ ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರವೂ, ಪ್ರತಿಯೊಂದು ಲೆಕ್ಕವನ್ನೂ ತಾನೇ ಮತ್ತೆ ಮಾಡಿ ನೋಡುವುದರಿಂದ, ಸಾವಿರಾರು ಯಂತ್ರಗಳು ಸೇರಿದರೂ ಆಗುವ ಕೆಲಸವು ಒಂದು ಯಂತ್ರದ ಕೆಲಸವನ್ನು ಮೀರುವುದಿಲ್ಲ. ಬಿಟ್‌ಕಾಯಿನ್ನಿನಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕು, ಸೆಕೆಂಡಿಗೆ ಸುಮಾರು ಏಳು ವ್ಯವಹಾರ, ಇಷ್ಟೇ ಅದರ ನಡಿಗೆ. ಎರಡನೆಯದಾಗಿ, ಲೆಕ್ಕವನ್ನು ಮತ್ತೆ ಮಾಡಬೇಕಾದವನಿಗೆ ಅದರ ಅಂಕಿಗಳೆಲ್ಲವೂ ಕಾಣಲೇಬೇಕಾದುದರಿಂದ, ಅಲ್ಲಿ ಗುಟ್ಟೆಂಬುದಕ್ಕೆ ಎಡೆಯೇ ಇಲ್ಲ. ನಿಧಾನ ಮತ್ತು ಬಹಿರಂಗ, ಇವೆರಡೂ ಒಂದೇ ಕಾರಣದಿಂದ ಹುಟ್ಟಿದ ಅವಳಿ ದೋಷಗಳು. ಒಂದನ್ನು ನಿವಾರಿಸಬಲ್ಲ ಉಪಾಯವು ಇನ್ನೊಂದನ್ನೂ ನಿವಾರಿಸಬಹುದೆಂಬ ಆಸೆ ಹುಟ್ಟಿದ್ದೂ ಅದರಿಂದಲೇ.

ನಮ್ಮ ನೈಯಾಯಿಕರು ಯಥಾರ್ಥಜ್ಞಾನದ ಸಾಧನಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಈ ವಿಭಾಗವು ನಮ್ಮ ಇಂದಿನ ವಿಷಯಕ್ಕೆ ಆಶ್ಚರ್ಯವಾಗುವಷ್ಟು ಹೊಂದುತ್ತದೆ. ಬ್ಲಾಕ್‌ಚೈನಿನ ಪ್ರಮಾಣವು ಪ್ರತ್ಯಕ್ಷ: ನಾನೇ ಮಾಡಿ ನೋಡಿದೆ, ಆದುದರಿಂದ ನಂಬಿದೆ. ಗಣಿತಜ್ಞರು ಕಂಡುಹಿಡಿದಿರುವ ಇನ್ನೊಂದು ಮಾರ್ಗ, ಲೆಕ್ಕವನ್ನು ತೋರಿಸದೆ ಅದು ಸರಿಯೆಂಬುದನ್ನು ಮಾತ್ರ ಸಾಧಿಸಿ ತೋರಿಸುವುದು. ಅದು ಅನುಮಾನಪ್ರಮಾಣದ ಜಾತಿಗೆ ಸೇರಿದ್ದು. 1985ರಲ್ಲಿ ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಎಂಬ ಮೂವರು ಇದಕ್ಕೆ ಅಡಿಗಲ್ಲನ್ನಿಟ್ಟರು. 2009ರಲ್ಲಿ ಕ್ರೇಗ್ ಜೆಂಟ್ರಿಯವರು ಗೂಢಲಿಪಿಯನ್ನು ಬಿಡಿಸದೆಯೇ ಅದರ ಮೇಲೆ ಯಾವ ಲೆಕ್ಕವನ್ನಾದರೂ ಮಾಡಬಹುದೆಂದು ತೋರಿಸಿದರು. ಇವು ಈ ಯುಗದ ಮಹಾಸಿದ್ಧಿಗಳಲ್ಲಿ ಸೇರತಕ್ಕವು. ಆದರೆ ಸಾಮಾನ್ಯ ಪ್ರೊಸೆಸರಿಗೆ ಕ್ಷಣಮಾತ್ರದ್ದಾದ ಲೆಕ್ಕವು ಈ ಮಾರ್ಗಗಳಲ್ಲಿ ಅನೇಕ ಪಟ್ಟು ಹೆಚ್ಚಿನ ಶ್ರಮವನ್ನು ಬೇಡುತ್ತದೆ. ಹೀಗಾಗಿ ವೇಗವೂ ಬೇಕು, ಗುಟ್ಟೂ ಬೇಕು ಎಂದವರು ನಾಲ್ಕನೆಯ ಪ್ರಮಾಣವಾದ ಶಬ್ದದ ಕಡೆಗೆ, ಎಂದರೆ ಆಪ್ತವಾಕ್ಯದ ಕಡೆಗೆ ತಿರುಗಿದರು. ಆಪ್ತನೆಂದರೆ ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ಹೇಳುವ ಇಚ್ಛೆಯುಳ್ಳವನು. ಅಂಥ ಆಪ್ತನ ಸ್ಥಾನದಲ್ಲಿ ಇಲ್ಲಿ ಕೂಡಿಸಿದ್ದು ಮನುಷ್ಯನನ್ನಲ್ಲ, ಪ್ರೊಸೆಸರಿನೊಳಗೆ ಪ್ರತ್ಯೇಕಿಸಿ ಕಾಪಾಡಿದ ಒಂದು ಭಾಗವನ್ನು. ಅದಕ್ಕೆ ಎನ್‌ಕ್ಲೇವ್ ಎಂದು ಹೆಸರು.

ಯಂತ್ರದ ಒಡೆಯನಿಂದಲೇ ಯಂತ್ರದ ಗುಟ್ಟನ್ನು ಕಾಯಬೇಕೆಂಬ ಯೋಚನೆ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ ಶ್ರೀನಿವಾಸ ದೇವದಾಸ್ ಮತ್ತು ಅವರ ಸಂಗಡಿಗರು 2003ರಲ್ಲಿಯೇ ಏಜಿಸ್ ಎಂಬ ಪ್ರೊಸೆಸರಿನ ವಿನ್ಯಾಸವನ್ನು ಪ್ರಕಟಿಸಿದ್ದರು. ಅದು ಸಾಮಾನ್ಯರ ಕೈಗೆ ಎಟಕುವಂತಾದದ್ದು 2015ರಲ್ಲಿ, ಇಂಟೆಲ್ ಸಂಸ್ಥೆಯು ಸ್ಕೈಲೇಕ್ ಪ್ರೊಸೆಸರುಗಳೊಡನೆ ಎಸ್‌ಜಿಎಕ್ಸ್ ಎಂಬ ಸೌಲಭ್ಯವನ್ನು ಹೊರತಂದಾಗ. ಇದರ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎನ್‌ಕ್ಲೇವಿಗೆ ಸೇರಿದ ದತ್ತಾಂಶವು ಪ್ರೊಸೆಸರಿನ ಚಿಪ್ಪಿನೊಳಗೆ ಇರುವಾಗ ಮಾತ್ರ ಸಹಜರೂಪದಲ್ಲಿರುತ್ತದೆ; ಚಿಪ್ಪನ್ನು ದಾಟಿ ಮೆಮೊರಿಗೆ ಹೊರಟೊಡನೆ ಗೂಢಲಿಪಿಯಾಗುತ್ತದೆ. ಆಪರೇಟಿಂಗ್ ಸಿಸ್ಟಂ ಆಗಲಿ, ಯಂತ್ರದ ಆಡಳಿತವನ್ನು ನೋಡಿಕೊಳ್ಳುವವನಾಗಲಿ ಅದನ್ನು ಓದಹೋದರೆ ಅರ್ಥವಿಲ್ಲದ ಅಂಕಿಗಳಲ್ಲದೆ ಬೇರೇನೂ ಸಿಕ್ಕುವುದಿಲ್ಲ. ಎನ್‌ಕ್ಲೇವಿಗೆ ಪ್ರೋಗ್ರಾಮನ್ನು ತುಂಬುವಾಗ ಪ್ರೊಸೆಸರು ಅದರ ಪುಟಪುಟವನ್ನೂ ಅಳೆದು 256 ಬಿಟ್ಟುಗಳ ಒಂದು ಮುದ್ರೆಯನ್ನು ಗಣಿಸಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಮಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಮುದ್ರೆ ಬೇರೆಯಾಗುತ್ತದೆ. ದೂರದಲ್ಲಿರುವವನೊಬ್ಬನು "ಅಲ್ಲಿ ನಡೆಯುತ್ತಿರುವ ಪ್ರೋಗ್ರಾಮು ಯಾವುದು?" ಎಂದು ಕೇಳಿದರೆ, ಯಂತ್ರವು ಆ ಮುದ್ರೆಗೆ ತನ್ನ ರುಜುವನ್ನು ಹಾಕಿ ಕಳುಹಿಸುತ್ತದೆ, ರುಜುವಿನ ಮೂಲವು ಚಿಪ್ಪನ್ನು ತಯಾರಿಸುವಾಗಲೇ ಅದರೊಳಗೆ ಅಚ್ಚೊತ್ತಿದ ಕೀಲಿಯಲ್ಲಿದೆ. ಈ ರುಜುಪತ್ರಕ್ಕೆ ಅಟೆಸ್ಟೇಶನ್ ಎನ್ನುತ್ತಾರೆ. ನಾನು ಆಪ್ತವಾಕ್ಯವೆಂದದ್ದು ಇದನ್ನೇ.

ಈಗ ಒಂದು ಹರಾಜನ್ನು ಊಹಿಸಿಕೊಳ್ಳಿ. ಹತ್ತು ಮಂದಿ ಕಂಟ್ರಾಕ್ಟರರು ತಂತಮ್ಮ ಕೂಗನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಬೇಕು. ಅತ್ಯಧಿಕವಾದದ್ದು ಯಾರದೆಂಬುದು ಮಾತ್ರ ಹೊರಬೀಳಬೇಕು. ಸೋತವರ ಅಂಕಿಗಳು ಎಂದಿಗೂ ಬಯಲಾಗಕೂಡದು. ಬರಿಯ ಬ್ಲಾಕ್‌ಚೈನಿನಲ್ಲಿ ಎಲ್ಲರ ಕೂಗನ್ನೂ ಎಲ್ಲರೂ ಓದಿಬಿಡುತ್ತಾರೆ. ಎನ್‌ಕ್ಲೇವಿದ್ದರೆ, ಪ್ರತಿಯೊಬ್ಬನೂ ಅದರ ರುಜುಪತ್ರವನ್ನು ಪರಿಶೀಲಿಸಿ, ತನ್ನ ಕೂಗನ್ನು ಅದೊಂದೇ ಬಿಡಿಸಬಲ್ಲ ಗೂಢಲಿಪಿಯಲ್ಲಿ ಬರೆದು ಕಳುಹಿಸುತ್ತಾನೆ. ಲೆಕ್ಕವು ಒಳಗೆ ನಡೆದು, ಗೆದ್ದವನ ಹೆಸರು ಮಾತ್ರ ರುಜುವಿನೊಡನೆ ಹೊರಗೆ ಬರುತ್ತದೆ. ಸಾವಿರ ನೋಡುಗಳು ಸಾವಿರ ಸಲ ಲೆಕ್ಕ ಮಾಡುವ ಬದಲು ಒಂದು ಯಂತ್ರವು ಒಮ್ಮೆ, ಪ್ರೊಸೆಸರಿನ ಸಹಜವಾದ ವೇಗದಲ್ಲಿ ಮಾಡುತ್ತದೆ. ಮಿಕ್ಕವರು ರುಜುವನ್ನು ನೋಡಿ ಒಪ್ಪಿಕೊಂಡರೆ ಸಾಕು. ಗುಟ್ಟೂ ಉಳಿಯಿತು, ಕೆಲಸವೂ ಬೇಗ ಆಯಿತು.

ಆದರೆ ಇದರಲ್ಲೊಂದು ಸೂಕ್ಷ್ಮವಾದ ತೊಡಕಿದೆ. ಐಬಿಎಂ ಸಂಸ್ಥೆಯ ಜ್ಯೂರಿಕ್ ಪ್ರಯೋಗಶಾಲೆಯ ಸಂಶೋಧಕರು ಮತ್ತು ಅವರ ಸಹಯೋಗಿಗಳು 2018ರಲ್ಲಿ ಇದನ್ನು ಹರಾಜಿನ ಉದಾಹರಣೆಯಿಂದಲೇ ವಿವರಿಸಿದರು. ಎನ್‌ಕ್ಲೇವಿಗೆ ಸ್ವತಂತ್ರವಾದ ನೆನಪಿಲ್ಲ. ಅದು ತನ್ನ ಸ್ಥಿತಿಯನ್ನು ಗೂಢಲಿಪಿಯಲ್ಲಿ ಬರೆದು, ಯಾರ ಮೇಲೆ ಅದಕ್ಕೆ ವಿಶ್ವಾಸವಿಲ್ಲವೋ ಆ ಒಡೆಯನ ಡಿಸ್ಕಿನಲ್ಲಿಯೇ ಇಡಬೇಕು. ಒಡೆಯನು ಅದನ್ನು ಓದಲಾರ, ನಿಜ. ಆದರೆ ಯಂತ್ರವನ್ನು ನಿಲ್ಲಿಸಿ ನಿನ್ನೆಯ ಸ್ಥಿತಿಯನ್ನೇ ಇಂದಿನದೆಂದು ಅದರ ಮುಂದಿಡಬಲ್ಲ. ಹೀಗೆ ಮಾಡಿ, ಅವನು ತನ್ನದೇ ಒಂದು ಸುಳ್ಳು ಕೂಗನ್ನು, ಐವತ್ತು ಲಕ್ಷವೆನ್ನಿ, ಸೇರಿಸಿ ಫಲಿತಾಂಶವನ್ನು ಕೇಳುತ್ತಾನೆ. ತಾನು ಗೆದ್ದರೆ ಮಿಕ್ಕವರೆಲ್ಲರೂ ಐವತ್ತಕ್ಕಿಂತ ಕೆಳಗಿದ್ದಾರೆಂದಾಯಿತು. ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸಿ ಇಪ್ಪತ್ತೈದು ಲಕ್ಷವನ್ನು ಕೂಗುತ್ತಾನೆ, ಸೋತರೆ ಮೂವತ್ತೇಳು. ಈ ಬಗೆಯಲ್ಲಿ ಅರ್ಧರ್ಧ ಮಾಡುತ್ತ ಹೋದರೆ, ಎದುರಾಳಿಯ ಗುಟ್ಟಿನ ಅಂಕಿಯು ಸ್ವಲ್ಪ ಹೊತ್ತಿನಲ್ಲಿ ಬಯಲಾಗುತ್ತದೆ. ಗೂಢಲಿಪಿಯ ಒಂದಕ್ಷರವೂ ಒಡೆಯಲಿಲ್ಲ, ಚಿಪ್ಪಿಗೆ ಗಾಯವಾಗಲಿಲ್ಲ, ಆದರೂ ಗುಟ್ಟು ಹೋಯಿತು. ಇದಕ್ಕೆ ಪರಿಹಾರವು ಬ್ಲಾಕ್‌ಚೈನೇ: ಎನ್‌ಕ್ಲೇವು ತನ್ನ ಹೊಸ ಸ್ಥಿತಿಯನ್ನು ಸಾರ್ವಜನಿಕ ಲೆಕ್ಕದಲ್ಲಿ ಬರೆಯಿಸಿ, ಅದು ಅಲ್ಲಿ ಸ್ಥಿರವಾಯಿತೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಫಲಿತಾಂಶವನ್ನು ಹೊರಬಿಡಬೇಕು. ಒಂದಕ್ಕೆ ನೆನಪಿದೆ, ಗುಟ್ಟಿಲ್ಲ. ಇನ್ನೊಂದಕ್ಕೆ ಗುಟ್ಟಿದೆ, ನೆನಪಿಲ್ಲ. ಇವೆರಡರ ಮೈತ್ರಿಯಲ್ಲಿ ನಿಜವಾದ ಚೆಲುವಿದೆಯೆಂದು ನಾನು ತಿಳಿದಿದ್ದೇನೆ.

ಈ ಮೈತ್ರಿಯನ್ನು ಸಾಂಗವಾಗಿ ರೂಪಿಸಿದ ಗ್ರಂಥವೆಂದರೆ 2018ರಲ್ಲಿ ಡಾನ್ ಸಾಂಗ್, ಆರಿ ಜುವೆಲ್ಸ್, ಆಂಡ್ರ್ಯೂ ಮಿಲ್ಲರ್ ಮೊದಲಾದವರು ಪ್ರಕಟಿಸಿದ ಎಕಿಡೆನ್ ಎಂಬ ಪ್ರಬಂಧ. ಲೆಕ್ಕ ಮಾಡುವ ಯಂತ್ರಗಳು ಬೇರೆ, ಒಮ್ಮತಕ್ಕೆ ಬರುವ ಯಂತ್ರಗಳು ಬೇರೆ ಎಂದು ಅವರು ವಿಭಾಗಿಸಿದರು. ಎನ್‌ಕ್ಲೇವು ಬೇಕಾದದ್ದು ಮೊದಲನೆಯವಕ್ಕೆ ಮಾತ್ರ. ತಮ್ಮ ಮಾದರಿಯು ಆಗಿನ ಇಥೀರಿಯಂ ಮುಖ್ಯಜಾಲಕ್ಕಿಂತ 600 ಪಟ್ಟು ಹೆಚ್ಚು ವ್ಯವಹಾರಗಳನ್ನು, 400 ಪಟ್ಟು ಕಡಮೆ ವಿಳಂಬದಲ್ಲಿ, ಸಾವಿರದಲ್ಲೊಂದು ಪಾಲಿನ ವೆಚ್ಚದಲ್ಲಿ ನಡೆಸಿತೆಂದು ಅವರು ವರದಿ ಮಾಡಿದರು. ಒಯಸಿಸ್ ಜಾಲವು ಈ ವಿಚಾರದಿಂದಲೇ ಬೆಳೆದು ಬಂದದ್ದು. ಆದರೆ ಆ ಪ್ರಬಂಧದಲ್ಲಿ ನನ್ನ ಗೌರವವನ್ನು ಗಳಿಸಿರುವುದು ಈ ಅಂಕಿಗಳಿಗಿಂತ ಹೆಚ್ಚಾಗಿ ಅದರ ಇನ್ನೊಂದು ವಿವೇಕ: ಎನ್‌ಕ್ಲೇವು ಎಂದಾದರೊಂದು ದಿನ ಒಡೆದೀತೆಂಬ ಊಹೆಯಿಂದಲೇ ಹೊರಟು, ಕೀಲಿಗಳನ್ನು ಹಲವರಲ್ಲಿ ಹಂಚಿ, ಕಾಲಕಾಲಕ್ಕೆ ಬದಲಾಗುವಂತೆ ಅವರು ಏರ್ಪಡಿಸಿದ್ದರು. ಒಂದು ಯಂತ್ರವು ಶತ್ರುವಿನ ವಶವಾದರೂ ಆ ಅವಧಿಯ ಗುಟ್ಟು ಮಾತ್ರ ಹೋಗಬೇಕು, ಹಿಂದಿನದೆಲ್ಲ ಹೋಗಕೂಡದು.

ಆ ಊಹೆಯು ನಿಜವಾಗಲು ತಡವಾಗಲಿಲ್ಲ. ಅದೇ ವರ್ಷದ ಆಗಸ್ಟ್ 14ರಂದು ಫೋರ್‌ಶಾಡೋ ಎಂಬ ಆಕ್ರಮಣದ ವಿವರವು ಪ್ರಕಟವಾಯಿತು. ಪ್ರೊಸೆಸರು ಮುಂದಿನ ಕೆಲಸವನ್ನು ಊಹೆಯ ಮೇಲೆ ಮುಂಚಿತವಾಗಿಯೇ ಮಾಡಿಟ್ಟುಕೊಳ್ಳುವ ಅಭ್ಯಾಸದಲ್ಲಿದ್ದ ಒಂದು ಬಿರುಕಿನ ಮೂಲಕ, ಎನ್‌ಕ್ಲೇವಿನೊಳಗಿನ ದತ್ತಾಂಶವನ್ನು ಮಾತ್ರವಲ್ಲದೆ, ರುಜು ಹಾಕುವ ಕೀಲಿಯನ್ನೇ ಹೊರತೆಗೆಯಬಹುದೆಂದು ಅದು ತೋರಿಸಿತು. ನೈಯಾಯಿಕರು ಆಪ್ತನಿಗೆ ಹೇಳಿದ ಎರಡು ಲಕ್ಷಣಗಳಲ್ಲಿ ಯಾವುದಕ್ಕೂ ಇಲ್ಲಿ ಲೋಪ ಬಂದಿರಲಿಲ್ಲ. ಅವನ ಮುದ್ರೆಯುಂಗುರವು ಕಳ್ಳನ ಬೆರಳಿಗೆ ಹೋಗಿದ್ದಿತು. ಇನ್ನು ಮುಂದೆ ಕಳ್ಳನಾಡಿದ ಮಾತೂ ಆಪ್ತವಾಕ್ಯವೆಂದೇ ತೋರುವುದು. ಇಂಟೆಲ್ ಸಂಸ್ಥೆಯು ತಿದ್ದುಪಡಿಗಳನ್ನು ಹೊರಡಿಸಿತು. ಅನಂತರವೂ ಬೇರೆ ಬೇರೆ ಬಿರುಕುಗಳು ಬಯಲಾಗುತ್ತ ಬಂದವು.

2022ರಲ್ಲಿ ನಡೆದದ್ದನ್ನು ಮಾತ್ರ ನಾನು ವಿಸ್ತರಿಸಿ ಹೇಳಬೇಕು. ಸೀಕ್ರೆಟ್ ನೆಟ್‌ವರ್ಕ್ ಎಂಬ ಬ್ಲಾಕ್‌ಚೈನು 2020ರಿಂದ ಎಸ್‌ಜಿಎಕ್ಸ್ ಆಧಾರದ ಮೇಲೆ ಗೋಪ್ಯವಾದ ಸ್ಮಾರ್ಟ್ ಕಾಂಟ್ರಾಕ್ಟುಗಳನ್ನು ನಡೆಸುತ್ತಿದ್ದಿತು. ಅದರ ಜಾಲದಲ್ಲಿದ್ದ ಎಲ್ಲ ನೋಡುಗಳ ಎನ್‌ಕ್ಲೇವುಗಳಲ್ಲಿಯೂ ಒಂದೇ ಮೂಲಬೀಜವಿದ್ದು, ಸಮಸ್ತ ಕೀಲಿಗಳೂ ಆ ಬೀಜದಿಂದ ಹುಟ್ಟುತ್ತಿದ್ದುವು. ಆ ವರ್ಷದ ಆಗಸ್ಟಿನಲ್ಲಿ ಈಪಿಕ್ ಲೀಕ್ ಎಂಬ ದೋಷವು ಪ್ರಕಟವಾಯಿತು. ಪ್ರೊಸೆಸರಿನ ಒಂದು ಅಂಗವನ್ನು ಓದಿದಾಗ, ಅಲ್ಲಿ ಹಿಂದೆ ಹಾದುಹೋದ ದತ್ತಾಂಶದ ಅವಶೇಷವೇ ಹಾಗೆಹಾಗೆಯೇ ಕೈಗೆ ಬರುತ್ತಿದ್ದಿತು. ತಿದ್ದುಪಡಿಯಾಗದ ಯಂತ್ರವೊಂದನ್ನು ಜಾಲಕ್ಕೆ ಸೇರಿಸಿ ಆ ಬೀಜವನ್ನು ಹೊರತೆಗೆಯಬಹುದೆಂದು ಸಂಶೋಧಕರ ತಂಡವೊಂದು ಸಾಧಿಸಿ ತೋರಿಸಿ, ಜಾಲದವರಿಗೆ ಮೊದಲು ತಿಳಿಸಿ, ನವೆಂಬರಿನಲ್ಲಿ ಲೋಕಕ್ಕೆ ತಿಳಿಸಿತು. ಬೀಜವೊಂದು ದೊರೆತರೆ ಜಾಲವು ಪ್ರಾರಂಭವಾದಂದಿನಿಂದ ನಡೆದ ಗೋಪ್ಯ ವ್ಯವಹಾರಗಳೆಲ್ಲವನ್ನೂ ಬಿಡಿಸಿ ಓದಬಹುದಾಗಿದ್ದಿತು.

ಏಕೆಂದರೆ ಆ ಗೂಢಲಿಪಿಗಳೆಲ್ಲವೂ ಬ್ಲಾಕ್‌ಚೈನಿನಲ್ಲಿದ್ದುವು, ಬ್ಲಾಕ್‌ಚೈನಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಅದರ ಪ್ರತಿಯನ್ನು ಯಾರು ಬೇಕಾದರೂ ಇಟ್ಟುಕೊಂಡಿರಬಹುದು. ಲೆಕ್ಕದ ಸತ್ಯವನ್ನು ಕಾಪಾಡುವ ಶಾಶ್ವತತೆಯೇ ಇಲ್ಲಿ ಗುಟ್ಟಿಗೆ ಮೃತ್ಯುವಾಯಿತು. ಲೆಕ್ಕ ತಪ್ಪಾದರೆ ಜನ ಸೇರಿ, ಚರ್ಚಿಸಿ, ಹಿಂದಿನ ಸ್ಥಿತಿಗೆ ಮರಳಬಹುದು. ಕಷ್ಟವಾದರೂ ಸಾಧ್ಯ, ಹಾಗೆ ಆಗಿದ್ದೂ ಉಂಟು. ಬಯಲಾದ ಗುಟ್ಟನ್ನು ಮರಳಿ ಮುಚ್ಚುವ ಉಪಾಯವು ಮಾತ್ರ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಹೊಸ ಕೀಲಿಯು ನಾಳಿನ ಬರಹವನ್ನು ಕಾಯುತ್ತದೆ, ನಿನ್ನೆಯದನ್ನಲ್ಲ.

ವೇಗದ ಆಸೆಯೂ ತನ್ನ ಬೆಲೆಯನ್ನು ತೆಗೆದುಕೊಂಡಿತು. ಮೊದಲ ಎಸ್‌ಜಿಎಕ್ಸ್ ಯಂತ್ರಗಳಲ್ಲಿ ಎನ್‌ಕ್ಲೇವಿಗೆ ಮೀಸಲಾದ ಮೆಮೊರಿ 128 ಎಂಬಿ, ಅದರಲ್ಲಿ ಬಳಕೆಗೆ ದೊರೆಯುತ್ತಿದ್ದದ್ದು ಸುಮಾರು 93 ಎಂಬಿ ಮಾತ್ರ. ಅದನ್ನು ಮೀರಿದರೆ ಕೆಲಸ ಬಹಳ ನಿಧಾನವಾಗುತ್ತಿದ್ದಿತು. ಅಷ್ಟು ಕಿರಿದಾಗಿದ್ದುದಕ್ಕೆ ಒಂದು ಕಾರಣವಿದ್ದಿತು: ಮೆಮೊರಿಯ ಪ್ರತಿಯೊಂದು ಭಾಗವೂ ತಾಜಾ ಆಗಿದೆಯೆ, ಯಾರಾದರೂ ಹಳೆಯದನ್ನು ತಂದಿಟ್ಟಿದ್ದಾರೆಯೆ ಎಂದು ಪರೀಕ್ಷಿಸುವ ಮುದ್ರೆಗಳ ವೃಕ್ಷವೊಂದನ್ನು ಚಿಪ್ಪು ಕಾಪಾಡಿಕೊಂಡು ಬರಬೇಕಾಗಿದ್ದಿತು. 2021ರ ಸರ್ವರ್ ಪ್ರೊಸೆಸರುಗಳಲ್ಲಿ ಈ ಮಿತಿಯನ್ನು ಒಂದೊಂದು ಪ್ರೊಸೆಸರಿಗೂ 512 ಜಿಬಿಯವರೆಗೆ ಹಿಗ್ಗಿಸಿದರು. ಹಿಗ್ಗಿಸುವುದಕ್ಕಾಗಿ ಆ ವೃಕ್ಷವನ್ನು ಕೈಬಿಟ್ಟರು, ಒಂದೇ ಸ್ಥಳದಲ್ಲಿ ಒಂದೇ ಅಂಕಿಯನ್ನು ಎಷ್ಟು ಸಲ ಬರೆದರೂ ಒಂದೇ ಗೂಢಲಿಪಿ ಬರುವಂಥ ಸರಳ ಕ್ರಮವನ್ನು ಹಿಡಿದರು. ಆ ಪುನರಾವೃತ್ತಿಯೇ 2025ರ ಅಕ್ಟೋಬರಿನಲ್ಲಿ ಪ್ರಕಟವಾದ ವೈರ್‌ಟ್ಯಾಪ್ ಎಂಬ ಆಕ್ರಮಣಕ್ಕೆ ಬಾಗಿಲಾಯಿತು. ಮೆಮೊರಿಯ ಪಟ್ಟಿಗೂ ಅದರ ಕೊಂಡಿಗೂ ನಡುವೆ ಒಂದು ಸಣ್ಣ ಹಲಗೆಯನ್ನು ಸಿಕ್ಕಿಸಿ, ಅಲ್ಲಿ ಹಾಯುವ ಗೂಢಲಿಪಿಯನ್ನು ನೋಡುತ್ತ ಕುಳಿತು, ಸಾವಿರ ಡಾಲರಿಗೂ ಕಡಮೆ ಬೆಲೆಯ ಸಲಕರಣೆಯಿಂದ ಸಂಶೋಧಕರು ಅಟೆಸ್ಟೇಶನ್ನಿನ ಕೀಲಿಯನ್ನು ಪಡೆದರು. ಅದೇ ತಿಂಗಳಲ್ಲಿ ಬಹುಮಟ್ಟಿಗೆ ಅದೇ ಸಂಶೋಧಕರು ಇನ್ನೂ ಹೊಸ ಬಗೆಯ ಮೆಮೊರಿಯ ಮೇಲೆ, ಎಎಂಡಿ ಸಂಸ್ಥೆಯ ಯಂತ್ರಗಳನ್ನೂ ಸೇರಿಸಿ, ಇಂಥದನ್ನೇ ಸಾಧಿಸಿದರು.

ಯಂತ್ರವನ್ನು ಕೈಯಲ್ಲಿ ಹಿಡಿದು ಬಿಚ್ಚಿ ನೋಡುವವನಿಂದ ರಕ್ಷಿಸುವುದು ತಮ್ಮ ವಾಗ್ದಾನದಲ್ಲಿ ಸೇರಿಲ್ಲವೆಂದು ತಯಾರಕರು ಹೇಳುತ್ತಾರೆ. ಅದು ಪ್ರಾಮಾಣಿಕವಾದ ಮಾತು. ದೊಡ್ಡ ಡೇಟಾ ಸೆಂಟರಿನಲ್ಲಿ, ಕಾವಲಿನವರ ನಡುವೆ ಇರುವ ಯಂತ್ರಕ್ಕೆ ಅದು ಸಾಕು ಕೂಡ. ಆದರೆ ಯಾರು ಬೇಕಾದರೂ, ಹೆಸರು ಹೇಳದೆಯೂ, ತಮ್ಮ ಮನೆಯ ಯಂತ್ರವನ್ನು ಸೇರಿಸಬಹುದಾದ ಬ್ಲಾಕ್‌ಚೈನಿನಲ್ಲಿ ಯಂತ್ರದ ಒಡೆಯನೇ ನಾವು ಶಂಕಿಸಬೇಕಾದ ಮೊದಲ ವ್ಯಕ್ತಿ. ಯಾವನಿಂದ ಕಾಪಾಡಬೇಕೋ ಅವನ ಮೇಜಿನ ಮೇಲೆಯೇ ಇರುವ ಯಂತ್ರಕ್ಕೆ, ಅವನು ಅದನ್ನು ಮುಟ್ಟುವುದಿಲ್ಲವೆಂಬ ಷರತ್ತಿನ ರಕ್ಷಣೆಯನ್ನು ಕೊಟ್ಟರೆ, ಅದು ರಕ್ಷಣೆಯಾಗುವುದಿಲ್ಲ.

ಹಾಗಾದರೆ ಎನ್‌ಕ್ಲೇವನ್ನು ತ್ಯಜಿಸಬೇಕೆ? ನನ್ನ ಅಭಿಪ್ರಾಯ ಅದಲ್ಲ. ಪ್ರತಿಯೊಂದು ಗುಟ್ಟಿಗೂ ಒಂದು ಆಯುಷ್ಯವುಂಟು. ಅದು ಎಷ್ಟೆಂಬುದೇ ಈ ಚರ್ಚೆಯಲ್ಲಿ ಮೊದಲು ಕೇಳಬೇಕಾದ, ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆ. ಇಥೀರಿಯಂನಲ್ಲಿ ಹನ್ನೆರಡು ಸೆಕೆಂಡಿಗೊಂದು ಬ್ಲಾಕು ಕಟ್ಟಲ್ಪಡುತ್ತದೆ. ಕಟ್ಟುವುದಕ್ಕೆ ಮೊದಲೇ ಯಾರ ಖರೀದಿ ಏನೆಂದು ಇಣಿಕಿ ನೋಡಿ, ಮುಂದೆ ನುಗ್ಗಿ ಲಾಭ ಹೊಡೆಯುವವರ ಕಾಟವನ್ನು ತಪ್ಪಿಸಲು ಫ್ಲಾಶ್‌ಬಾಟ್ಸ್ ಮತ್ತು ಅದರ ಜೊತೆಗಾರರು 2024ರಲ್ಲಿ ಬಿಲ್ಡರ್‌ನೆಟ್ ಎಂಬ ಜಾಲವನ್ನು ತೆರೆದು, ಬ್ಲಾಕು ಕಟ್ಟುವ ಕೆಲಸವನ್ನು ರಕ್ಷಿತ ಯಂತ್ರದೊಳಕ್ಕೆ ತಂದರು. ಅಲ್ಲಿನ ಗುಟ್ಟು ಕೆಲವು ಸೆಕೆಂಡು ಬದುಕಿದರೆ ಸಾಕು. ಆಮೇಲೆ ಅದು ಹೇಗೂ ಬಹಿರಂಗವೇ. ಸಿಗ್ನಲ್ ಎಂಬ ಸಂದೇಶ ಸೇವೆಯವರು 2017ರಲ್ಲಿ ಬಳಕೆದಾರರ ವಿಳಾಸಪಟ್ಟಿಯನ್ನು ಹೋಲಿಸಿ ನೋಡಲು ಎಸ್‌ಜಿಎಕ್ಸನ್ನು ಆರಿಸಿಕೊಂಡರು. ಪಟ್ಟಿಯು ಎನ್‌ಕ್ಲೇವಿಗೆ ಬಂದು, ಹೋಲಿಕೆಯಾಗಿ, ಹೊರಟುಹೋಗುತ್ತದೆ, ಶಾಶ್ವತವಾದ ಲೆಕ್ಕದಲ್ಲಿ ಬರೆದಿಡುವುದಿಲ್ಲ. ಇಂಥ ಕಡೆಗಳಲ್ಲಿ ಚಿಪ್ಪು ನಾಳೆ ಒಡೆದರೂ ನಿನ್ನೆಯ ಗುಟ್ಟು ಅಲ್ಲಿ ಇರುವುದಿಲ್ಲ. ಆದುದರಿಂದ ಎನ್‌ಕ್ಲೇವಿನ ಈ ಉಪಯೋಗವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ರೋಗಿಯೊಬ್ಬನ ಕಾಯಿಲೆಯ ವಿವರ, ವಂಶವಾಹಿಯ ವಿವರ, ಯಾರು ಯಾರಿಗೆ ಮತ ಕೊಟ್ಟರೆಂಬ ವಿವರ, ಇವುಗಳ ಆಯುಷ್ಯ ಬೇರೆ. ಮೊದಲಿನದು ಅವನ ಬಾಳಿನಷ್ಟು, ಎರಡನೆಯದು ಅವನ ಮಕ್ಕಳು ಮೊಮ್ಮಕ್ಕಳ ಬಾಳಿನಷ್ಟು. ಅವುಗಳನ್ನು ಅಳಿಸಲಾಗದ ಲೆಕ್ಕದಲ್ಲಿ ಬರೆದು, ಹತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಬಿರುಕು ಬಿಟ್ಟಿರುವ ಚಿಪ್ಪಿನ ಕೀಲಿಗೆ ಒಪ್ಪಿಸುವುದು ಅನ್ಯಾಯ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನ್ನ ವಿವರವನ್ನು ಅಳಿಸಿಹಾಕಿರೆಂದು ಕೇಳುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ಅಳಿಸಲಾಗದ ಕಡೆ ಬರೆದದ್ದಕ್ಕೆ ಆ ಹಕ್ಕು ಮುಟ್ಟುವುದು ಹೇಗೆ?

ಸತ್ಯದ ವಿಷಯದಲ್ಲಿಯೂ ನನಗೊಂದು ಮಾತಿದೆ. ಎನ್‌ಕ್ಲೇವಿನ ರುಜುವೊಂದನ್ನೇ ನಂಬಿ ಹಣದ ಲೆಕ್ಕವನ್ನು ಮುಗಿಸುವ ಜಾಲಗಳಲ್ಲಿ, ಕೀಲಿಯೊಂದು ಕಳ್ಳನ ಪಾಲಾದರೆ ಗುಟ್ಟಿನೊಡನೆ ಗಂಟೂ ಹೋಗುತ್ತದೆ. ಗುಟ್ಟನ್ನು ಆಪ್ತವಾಕ್ಯಕ್ಕೆ ಒಪ್ಪಿಸಿದರೂ, ಲೆಕ್ಕದ ಸತ್ಯಕ್ಕೆ ಪ್ರತ್ಯಕ್ಷದ ಅಥವಾ ಅನುಮಾನದ ಪ್ರಮಾಣವನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ. ಗಣಿತಪ್ರಮಾಣಗಳ ವೇಗವು ವರ್ಷವರ್ಷಕ್ಕೂ ಹೆಚ್ಚುತ್ತಿರುವುದರಿಂದ ಇದು ಈಗ ಮೊದಲಿನಷ್ಟು ದುಬಾರಿಯಲ್ಲ.

ಈ ಸಭೆಯಲ್ಲಿ ಬೆಂಗಳೂರಿನ ಚಿಪ್ ವಿನ್ಯಾಸದ ಕಚೇರಿಗಳಲ್ಲಿ ಕೆಲಸ ಮಾಡುವವರೂ, ನಾಳೆ ಅಲ್ಲಿಗೆ ಹೋಗತಕ್ಕವರೂ ಕುಳಿತಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟು. ಎನ್‌ಕ್ಲೇವಿನ ಆಧಾರದ ಮೇಲೆ ಯಾವುದೇ ವ್ಯವಸ್ಥೆಯನ್ನು ಕಟ್ಟುವ ಮೊದಲು, ಅದು ಕಾಯಬೇಕಾದ ಗುಟ್ಟು ಎಷ್ಟು ಕಾಲ ಗುಟ್ಟಾಗಿರಬೇಕೆಂಬುದನ್ನು ವಿನ್ಯಾಸಪತ್ರದ ಮೊದಲ ಪುಟದಲ್ಲಿ ಬರೆಯಿರಿ. ಕೀಲಿಯು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಒಂದು ಕೀಲಿ ಹೋದರೆ ಎಷ್ಟು ದಿನದ ಬರಹ ಬಯಲಾಗುತ್ತದೆ ಎಂಬುದನ್ನು ಅದರ ಕೆಳಗೆ ಬರೆದು, ಆ ಪುಟವನ್ನು ಬಳಸುವವರ ಕೈಗೆ ಕೊಡಿರಿ. ದೀರ್ಘಕಾಲ ಕಾಯಬೇಕಾದ ಗುಟ್ಟಿನ ಗೂಢಲಿಪಿಯನ್ನು ಬ್ಲಾಕ್‌ಚೈನಿನ ಹೊರಗೆ, ಅಳಿಸಬಹುದಾದ ಸ್ಥಳದಲ್ಲಿ ಇಟ್ಟು, ಅದರ ಮುದ್ರೆಯನ್ನು ಮಾತ್ರ ಬ್ಲಾಕ್‌ಚೈನಿಗೆ ಸೇರಿಸಿರಿ.